ಆರ್ಯಕಪಿಲಗ

ಕೆಂಪು ಪೆನ್ನಿನಿಂದ ಕೋಮಲ ಎಳೆದ ಗೀಟಿಗೆ ಕಾಗದವೇ ಹರಿಯಿತು.

“ನಿಧಾನ ಕಣಮ್ಮ, ಅದು ನನ್ನ ಎರಡು ವರ್ಷದ ತಪಸ್ಸು,” ಎಂದರು ಕೃಷ್ಣಮೂರ್ತಿ. ನಂಜನಗೂಡಿನ ಸ್ನಾನಘಟ್ಟದ ಮೆಟ್ಟಿಲ ಮೇಲೆ, ಪಂಚೆ ತೇವವಾಗದಂತೆ ಎತ್ತಿ ಹಿಡಿದು ಕೂತಿದ್ದರು. ನಿವೃತ್ತ ಸಂಸ್ಕೃತ ಮೇಷ್ಟ್ರು. ಕೋಮಲ ಏಳು ವರ್ಷದಿಂದ ಅತಿಥಿ ಉಪನ್ಯಾಸಕಿಯಾಗಿ ಭೂಗೋಳ ಕಲಿಸುತ್ತಿದ್ದ ನರಸೀಪುರದ ಕಾಲೇಜಿಗೆ ಅವರೇ ಕಾರ್ಯದರ್ಶಿ. ಕಾಲೇಜಿನ ಸ್ಮರಣ ಸಂಚಿಕೆಗೆಂದು ಅವರು ಬರೆದ ಲೇಖನದ ತಿರುಳು ಇಷ್ಟೇ: ದ್ವೀಪಸಮೂಹಕ್ಕೆ ಇಂಗ್ಲಿಷಿನವರು ಹೇಳುವ ‘ಆರ್ಕಿಪೆಲಗೊ’ ನಮ್ಮದೇ ‘ಆರ್ಯಕಪಿಲಗ’. ಇದೇ ಕಪಿಲಾ ಹೊಳೆಯ ದಡದಿಂದ ಹಡಗು ಹತ್ತಿ ಹೋದ ಋಷಿಗಳು ಗ್ರೀಕರಿಗೆ ಕೊಟ್ಟ ಪದ. ಓದುತ್ತಾ ಓದುತ್ತಾ ಕೋಮಲಳಿಗೆ ತುತ್ತಿನಲ್ಲಿ ಕೂದಲು ಸಿಕ್ಕಂತಾಗಿತ್ತು.

“ಸಾರ್, ಆರ್ಕಿ ಅಂದ್ರೆ ಮುಖ್ಯ, ಪೆಲಗೋಸ್ ಅಂದ್ರೆ ಸಮುದ್ರ. ಮೊದ್ಲು ಅದು ಗ್ರೀಸ್ ಪಕ್ಕದ ಒಂದು ಸಮುದ್ರದ ಹೆಸರು. ಅದ್ರ ತುಂಬಾ ದ್ವೀಪ ಇದ್ವು. ಬರ್ತಾ ಬರ್ತಾ ನೀರಿನ ಹೆಸರು ದ್ವೀಪಗಳಿಗೆ ಅಂಟ್ಕೊಳ್ತು. ಪದದೊಳಗೆ ದ್ವೀಪಾನೇ ಇಲ್ಲ.”

“ಪದದಲ್ಲಿ ಇಲ್ದಿದ್ರೆ ಏನಂತೆ, ಹೊಳೇಲಿ ಇದ್ಯಲ್ಲ. ನೋಡು, ಎಂಥಾ ದ್ವೀಪಮಾಲೆ.”

ಅವಳು ನೋಡಿದಳು. ಮಿಂದವರು ಬಿಟ್ಟುಹೋದ ಸೀರೆ, ಲುಂಗಿ, ಒಳಚಡ್ಡಿಗಳು ಜೊಂಡಿಗೆ ಸಿಕ್ಕಿ, ಕೊಳೆತು, ಆರೇಳು ಗುಡ್ಡೆಗಳಾಗಿದ್ದವು. ಶಾಂಪೂ ಪೊಟ್ಟಣ, ಮುಡಿಯ ಕೂದಲು ಅವಕ್ಕೆ ಮೆತ್ತಿಕೊಂಡಿದ್ದವು. ಒಂದರ ಮೇಲೆ ಕಾಗೆ ಏನನ್ನೋ ಜಗ್ಗುತ್ತಿತ್ತು. ನಾತ ಗಂಟಲಿಗೇ ಬಂತು.

“ಅವು ಹಳೇ ಬಟ್ಟೆ, ಸಾರ್.”

“ಗೊತ್ತು ಬಿಡಮ್ಮ. ದೂರದಿಂದ ಫೋಟೊ ತೆಗೆಸಿದ್ರೆ ತಿಳಿಯಲ್ಲ.”

ಅವರು ಚೀಲದಿಂದ ಇನ್ನೊಂದು ಹಾಳೆ ತೆಗೆದರು. ಲೇಖಕರು: ಕೃಷ್ಣಮೂರ್ತಿ, ಕೋಮಲ.

“ಭೂಗೋಳದವರೇ ಒಪ್ಪಿದ್ರು ಅಂದ್ರೆ ಯಾರೂ ಉಸಿರೆತ್ತಲ್ಲ. ಜೂನ್‌ಗೆ ಒಂದು ಕಾಯಂ ಹುದ್ದೆ ಬರತ್ತೆ, ಆಯ್ಕೆ ಸಮಿತೀಲಿ ಕೂರೋನು ನಾನೇ. ನಿಮ್ಮೂರು ಕವಲಂದೆಯಿಂದ ಎರಡು ಬಸ್ಸು ಬದಲಾಯಿಸ್ಕೊಂಡು ಎಷ್ಟು ದಿನ ಅಂತ ಓಡಾಡ್ತೀಯ? ನಿಮ್ಮಂಥೋರು ಮುಂದೆ ಬರ್ಬೇಕು ಕಣಮ್ಮ.”

‘ನಿಮ್ಮಂಥೋರು’ ಎಂಬ ಪದದ ಮೂಲ ತಿಳಿಯಲು ಅವಳಿಗೆ ನಿಘಂಟು ಬೇಕಿರಲಿಲ್ಲ. ಹಾಳೆಯನ್ನು ಅವರ ಪಕ್ಕದ ಮೆಟ್ಟಿಲ ಮೇಲಿಟ್ಟಳು.

“ನನ್ ಹೆಸರು ತೆಗೀರಿ, ಸಾರ್.”

“ಕಾಯಂ ಅಂದೆ. ಕೇಳಿಸ್ತಾ?”

“ಕೇಳಿಸ್ತು. ಬೇಡ.”