ಚಕ್ರದಂಗಡಿಯ ಮುಂದೆ

ಮಕ್ಕಳನ್ನು ಎಲ್ಲಿಗಾದರೂ ಕರೆದೊಯ್ಯುವ ಮುನ್ನಾದಿನ ಶಿಶುವಿಹಾರದ ದೊಡ್ಡಮ್ಮ ಆ ದಾರಿಯನ್ನೊಮ್ಮೆ ನಡೆದು ನೋಡುತ್ತಿದ್ದರು. ಒಂಟಿಯಾಗಿ ಅಲ್ಲ, ಜೊತೆಗೊಬ್ಬರು ಮಗುವಾಗಬೇಕು. ರಚ್ಚೆ ಹಿಡಿಯಬೇಕು, ಕಂಡಲ್ಲಿಗೆ ಓಡಬೇಕು. ಇಷ್ಟು ವರ್ಷ ಆ ಮಗು ಅವರ ಯಜಮಾನರೇ. ನರೆತ ಮೀಸೆಯ ಆ ಮಹಾನುಭಾವರು ನಡುಬೀದಿಯಲ್ಲಿ "ಎತ್ಕೋ" ಎಂದು ಕೂತುಬಿಡುತ್ತಿದ್ದರು. ಹೋದ ಚಳಿಗಾಲದಲ್ಲಿ ದೇವರು ಅವರನ್ನು ಕರೆದುಕೊಂಡ.

ಈ ಸಲ ಹೊರಟದ್ದು ಅಗ್ನಿಶಾಮಕ ಠಾಣೆಗೆ. ಪಾದರಸ ಎಂದೇ ಎಲ್ಲರೂ ಕರೆಯುವ ಹುಡುಗನ ತಾಯಿ ಮಾತ್ರ ಒಪ್ಪಲಿಲ್ಲ. ಆಕೆ ಹೊಲಿಗೆಯವಳು.

"ಬೇಡ ದೊಡ್ಡಮ್ಮ. ಕಣ್ಣು ಮಿಟುಕಿಸೋದ್ರಲ್ಲಿ ಮಾಯ ಆಗ್ತಾನೆ. ನಾಳೆ ನನ್ನ ಹತ್ರಾನೇ ಇರ್ಲಿ."

"ಎಲ್ಲರೂ ಹೋಗಿ ಅವನೊಬ್ಬ ಅಳ್ತಾ ಕೂತ್ರೆ ನನಗೆ ಊಟ ಸೇರುತ್ತೇನೇ? ಬಾ, ಇವತ್ತು ನೀನೇ ಪಾದರಸ ಆಗು. ದಾರಿ ನೋಡಿ ಆಮೇಲೆ ಹೇಳು."

"ಅಯ್ಯೋ, ಜನ ನಗ್ತಾರೆ!"

"ನಗ್ಲಿ ಬಿಡು, ಪುಕ್ಕಟೆ."

ಇಬ್ಬರೂ ಕೈಹಿಡಿದು ಹೊರಟರು. ಎಷ್ಟೋ ದಿನಗಳ ಮೇಲೆ ಅಂಗೈಯಲ್ಲೊಂದು ಬೆಚ್ಚನೆಯ ಕೈ. ದೊಡ್ಡಮ್ಮನ ಮನಸ್ಸು ಎಲ್ಲೋ ಹೋಯಿತು. ಅಷ್ಟರಲ್ಲಿ ಆ ಕೈ ಜಾರಿತು. ತಾಯಿ ರಸ್ತೆಗೆ ಅಡ್ಡ ಓಡಿದ್ದಳು! ಸೈಕಲ್ಲಿನವನೊಬ್ಬ ಕಿರ್ರೆಂದು ಬ್ರೇಕು ಹಾಕಿ, "ಏನಮ್ಮಾ, ನನ್ನ ಗಾಡೀನೇ ಬೇಕಿತ್ತಾ ನಿಂಗೆ?" ಎಂದು ಗದರಿದ.

ಆಚೆ ಬದಿ ಸೈಕಲ್ ರಿಪೇರಿ ಅಂಗಡಿ. ತಲೆಕೆಳಗಾದ ಸೈಕಲ್ಲಿನ ಚಕ್ರ ಗಿರ್ರನೆ ತಿರುಗುತ್ತಿತ್ತು.

"ನೋಡಿದ್ರಾ? ತಿರುಗೋದು ಕಂಡ್ರೆ ನನ್ನ ಮಗನಿಗೆ ರಸ್ತೆ ಕಾಣಲ್ಲ." ಅವಳ ಕಣ್ಣು ತುಂಬಿತ್ತು. "ನಿಮ್ಮ ಕೈನೂ ಸಡಿಲ ಇತ್ತು."

"ಇತ್ತು ಮಗಳೇ," ಎಂದರು ದೊಡ್ಡಮ್ಮ. ಬೇರೆ ಬೀದಿ ಹಿಡಿಯಬಹುದು. ಅಲ್ಲಿ ಇನ್ನೇನು ತಿರುಗುವುದೋ, ದೇವರೇ ಬಲ್ಲ. ಅವರು ನೇರ ಅಂಗಡಿಯವನ ಬಳಿ ಹೋದರು.

"ನಾಳೆ ನನ್ನ ಮಕ್ಕಳು ಬಂದ್ರೆ ಚಕ್ರ ತಿರುಗಿಸಿ ತೋರಿಸ್ತೀಯೇನಪ್ಪಾ?"

"ಸಾಮಾನು ಮುಟ್ಟಿದ್ರೆ?"

"ದೂರ ಕೂರಿಸ್ತೀನಿ. ನೀನು ಚಕ್ರ ನೋಡ್ಕೋ, ಮಕ್ಕಳನ್ನ ನಾನು ನೋಡ್ಕೋತೀನಿ."

ಆಮೇಲೆ ತಾಯಿಯ ಕಡೆ ತಿರುಗಿ, "ಅವನು ಓಡೋ ಜಾಗಕ್ಕೆ ನಾವೇ ಮೊದಲು ಕರ್ಕೊಂಡು ಬರೋಣ. ಒಂದು ಕೈ ನಂದು, ಇನ್ನೊಂದು ನಿಂದು," ಎಂದರು. ಅವಳು ಸೆರಗಿನಿಂದ ಮೂಗೊರಸಿಕೊಂಡು ತಲೆಯಾಡಿಸಿದಳು.

ಮರುದಿನ ಶಿಶುವಿಹಾರದ ಆಯಾ ರಸ್ತೆಯ ನಡುವೆ ನಿಂತು ಗಾಡಿಗಳನ್ನು ತಡೆದಳು. ಮಕ್ಕಳ ಸಾಲು ರಸ್ತೆ ದಾಟಿತು. ಪಾದರಸ ಚಕ್ರದೆದುರು ಕುಕ್ಕರುಗಾಲಲ್ಲಿ ಕೂತ. ಅದು ನಿಧಾನವಾಗಿ, ಪೂರ್ತಿ ನಿಲ್ಲುವ ತನಕ ನೋಡಿದ. ಯಾರೂ "ನಡಿ ನಡಿ" ಎನ್ನಲಿಲ್ಲ. ಕೊನೆಗೆ ತಾನೇ ಎದ್ದು, "ಈಗ ಬೆಂಕಿ ಗಾಡಿ!" ಎಂದು ಎರಡೂ ಕೈ ಚಾಚಿದ.

ತಾಯಿ ತನ್ನ ಪಾಲಿನ ಕೈಯನ್ನು ಒಂದು ಗಳಿಗೆ ಹಿಡಿದಿದ್ದು, ಅದನ್ನೂ ದೊಡ್ಡಮ್ಮನಿಗೇ ಕೊಟ್ಟಳು.

"ಹೊಲಿಗೆ ಬಾಕಿ ಇದೆ, ನಾನು ಬರ್ತೀನಿ," ಎಂದು ಹೊರಟೇಬಿಟ್ಟಳು.