ಒಳಗೆ ಯಾರೋ ಓದುತ್ತಿದ್ದಾರೆ

ಟೈಲರಕ್ಕನ ಮನೆ ಅಂದರೆ ಒಂದೇ ಕೋಣೆ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಮೂಲೆಯಲ್ಲಿ ಒಲೆ, ಗೋಡೆ ಬದಿಯ ಮಂಚದ ಮೇಲೆ ಅತ್ತೆ. ಯಂತ್ರ ನಿಂತರೆ ಅತ್ತೆಯ ಕೆಮ್ಮು, ಕೆಮ್ಮು ನಿಂತರೆ ಯಂತ್ರ. ಇದರ ನಡುವೆ ಮಗಳು ನರ್ಸಿಂಗ್ ಪರೀಕ್ಷೆಗೆ ಓದಬೇಕು. ಕಳೆದ ಸಲ ಕೂದಲೆಳೆಯಲ್ಲಿ ತಪ್ಪಿತ್ತು. ಈ ಸಲವೂ ತಪ್ಪಿದರೆ ಮತ್ತೆ ಬರೆಯುವ ಅವಕಾಶವಿಲ್ಲ.

ಹಾಗಾಗಿ ಮಗಳು ಊರಿನ ಗ್ರಂಥಾಲಯಕ್ಕೆ ಹೋಗತೊಡಗಿದಳು. ಅದು ಗೊತ್ತಾಗಿದ್ದೇ ತಡ, ಎದುರುಮನೆಯ ಇಸ್ತ್ರಿ ಚಿಕ್ಕಮ್ಮ ಬಂದು ಬಾಗಿಲಲ್ಲಿ ನಿಂತಳು.

"ನಿಂಗೆ ಎದೆ ಗಟ್ಟಿ ಇದೆ ಬಿಡೇ. ಮಗಳನ್ನ ಒಬ್ಬಳನ್ನೇ ಅಲ್ಲಿಗೆ ಕಳಿಸ್ತೀಯಲ್ಲ!"

"ಯಾಕೆ ಚಿಕ್ಕಮ್ಮ, ಏನಿದೆ ಅಲ್ಲಿ?"

"ಅಲ್ಲಿ ಯಾರೋ ಓದ್ತಾರೆ."

"ಲೈಬ್ರರೀಲಿ ಓದದೆ ಬಟ್ಟೆ ಒಗೀತಾರಾ?"

"ತಮಾಷೆ ಮಾಡ್ಬೇಡ. ಯಾರೂ ಇಲ್ದೇ ಇರುವಾಗ ಓದ್ತಾರೆ. ಹಾಳೆ ತಿರುಗಿಸೋ ಸದ್ದು ಕೇಳುತ್ತೆ. ಹಿಂದಿನ ಕಪಾಟಿನ ಹತ್ರ ಮೇಷ್ಟ್ರೊಬ್ಬರು ಕೂರ್ತಿದ್ರಲ್ಲ, ಅವರು ತೀರಿಕೊಂಡ ಮೇಲೇನೇ ಶುರುವಾಗಿದ್ದು. ನಾನಂತೂ ಒಳಗೆ ಕಾಲಿಡಲ್ಲಮ್ಮ. ಕಥೆ ಪುಸ್ತಕ ಬೇಕಂದ್ರೆ ಕಿಟಕಿ ಹತ್ರ ನಿಂತು ಕೂಗ್ತೀನಿ, ಮೇಡಂ ಕಂಬಿ ಸಂದಿಯಿಂದ ಕೊಡ್ತಾರೆ. ಊರಲ್ಲಿ ಎಲ್ರೂ ಹಾಗೇ."

ಮಂಚದ ಮೇಲಿಂದ ಅತ್ತೆ ಅಂದರು, "ದೆವ್ವ ಓದಿದ್ರೆ ಒಳ್ಳೇದೇ ಬಿಡ್ರೇ. ನಮ್ಮನೇಲಿ ಮನುಷ್ಯರೇ ಓದ್ಲಿಲ್ಲ."

ಟೈಲರಕ್ಕ ನಕ್ಕಳು. ಆದರೆ ಮಾತು ಬಟ್ಟೆಯೊಳಗೆ ಮುರಿದ ಸೂಜಿಯಂತೆ ಉಳಿದುಕೊಂಡಿತು. ಮಗಳು ಬಂದೊಡನೆ ಕೇಳಿದಳು.

"ಅಲ್ಲಿ ಸದ್ದು ಬರೋದು ನಿಜಾನಾ?"

ಮಗಳು ತಲೆ ತಗ್ಗಿಸಿದಳು. "ಬರುತ್ತೆ. ಕಿವಿ ಮುಚ್ಕೊಂಡು ಓದ್ತೀನಿ."

"ನಾಳೆಯಿಂದ ಹೋಗ್ಬೇಡ."

"ಮತ್ತೆ ಎಲ್ಲಿ ಓದ್ಲಿ, ಹೇಳು?"

ಟೈಲರಕ್ಕ ಯಂತ್ರ ತುಳಿಯುತ್ತ ಕೂತಳು.

ನಾಲ್ಕಾರು ದಿನ ಕಳೆದು ಗ್ರಂಥಾಲಯದ ಮೇಡಂ ತಾವೇ ಹುಡುಕಿಕೊಂಡು ಬಂದರು. "ಟೈಲರಕ್ಕ, ಒಳಗೆ ಬಂದು ಕೂರ್ತಿದ್ದವಳು ನಿಮ್ಮ ಮಗಳು ಒಬ್ಬಳೇ. ಅವಳನ್ನೂ ನಿಲ್ಲಿಸಿಬಿಟ್ರಾ? ಬರೋ ವಾರ ಮೇಲಿನ ಆಫೀಸಿನವರು ನೋಡೋಕೆ ಬರ್ತಾರೆ. ಕಿಟಕೀಲಿ ತಗೊಂಡು ಹೋಗೋರು ಅವರ ಕಣ್ಣಿಗೆ ಬೀಳಲ್ಲ. ಕುರ್ಚಿಗಳು ಖಾಲಿ ಇದ್ರೆ ಬಾಗಿಲಿಗೆ ಬೀಗ, ಪುಸ್ತಕ ಗೋದಾಮಿಗೆ."

"ನೀವೇ ಹೇಳಿ ಮೇಡಂ, ಆ ಸದ್ದು ಸುಳ್ಳಾ?"

ಮೇಡಂ ಬಾಗಿಲ ಕಡೆ ನೋಡಿದರು. "ಸುಳ್ಳಲ್ಲ ಅಕ್ಕ. ಹಿಂದಿನ ಕಪಾಟಿನ ಹತ್ರ ಹೋಗಿ ನಂಗೂ ಎಷ್ಟೋ ತಿಂಗಳಾಯ್ತು. ಮೇಜಿನ ಮೇಲೆ ಇರೋ ಪುಸ್ತಕಾನೇ ಕಿಟಕೀಲಿ ಕೊಟ್ಟು ಕಾಲ ತಳ್ತಿದೀನಿ."

ಅತ್ತೆ ಎದ್ದು ಕೂತರು. "ಏನಮ್ಮ ಇದು, ಕಾಯೋರೇ ಹೆದರಿದ್ರೆ ಹೇಗೆ? ಇಬ್ಬರೂ ಹೋಗಿ ನೋಡ್ಕೊಂಡು ಬನ್ನಿ. ದೆವ್ವ ಇದ್ರೆ ನಂಗೂ ಒಂದು ಪುಸ್ತಕ ಕೊಡು ಅಂತ ಕೇಳಿ."

ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಳಗೆ ಬೆಳಕು ಮೇಡಂ ಮೇಜಿನವರೆಗೆ ಬಂದು ಅಲ್ಲೇ ನಿಂತಿತ್ತು. ಮಗಳು ಕೂರುತ್ತಿದ್ದ ಒಂದನ್ನು ಬಿಟ್ಟರೆ ಕುರ್ಚಿಗಳ ಮೇಲೆ ದಪ್ಪ ಧೂಳು. ಟೈಲರಕ್ಕ ಉಸಿರು ಬಿಗಿಹಿಡಿದಳು. ಹೌದು, ಹಿಂದಿನಿಂದ ಯಾರೋ ಹಾಳೆ ತಿರುಗಿಸುತ್ತಿದ್ದರು. ಸರ್... ಸರ್... ಅವಸರವಿಲ್ಲದ ಓದು.

ಒಂದು ಹೆಜ್ಜೆ ಇಟ್ಟಳು. ಕಪಾಟಿನೊಳಗಿಂದ ಟಕಟಕ ಎಂದು ಏನೋ ಉತ್ತರ ಕೊಟ್ಟಿತು. ಇನ್ನೊಂದು ಹೆಜ್ಜೆ. ಟಕಟಕ ಗೋಡೆಯುದ್ದಕ್ಕೂ ಓಡಿತು. ಅವಳ ಕಾಲು ತೊಡರಿತು, ಬೀಳದಿರಲು ಕಪಾಟನ್ನು ಹಿಡಿದಳು. ಒಂದು ಸಾಲು ಪುಸ್ತಕ ಜಾರಿ ನೆಲಕ್ಕೆ ಬಿತ್ತು.

ಅಷ್ಟು ಪುಸ್ತಕ ಬಿದ್ದರೆ ದಡಬಡ ಸದ್ದಾಗಬೇಕು. ಆಗಲಿಲ್ಲ.

ಟೈಲರಕ್ಕ ಒಂದನ್ನು ಎತ್ತಿಕೊಂಡಳು. ಒಣಗಿದ ಎಲೆಯಷ್ಟೇ ಭಾರ. ರಟ್ಟು ನೆಟ್ಟಗಿತ್ತು, ಹೆಸರು ಹೊಳೆಯುತ್ತಿತ್ತು. ತೆರೆದಳು. ಒಳಗೆ ಹಾಳೆಯೇ ಇರಲಿಲ್ಲ, ಬರೀ ಮಣ್ಣು. ನೋಡನೋಡುತ್ತಿದ್ದಂತೆ ಆ ಮಣ್ಣು ಬೆಳ್ಳಗೆ ಮಿಸುಕಿತು.

"ಗೆದ್ದಲು!" ಮೇಡಂ ಇನ್ನೊಂದು ತೆಗೆದರು, ಮತ್ತೊಂದು ತೆಗೆದರು. ಎಲ್ಲಕ್ಕೂ ಮುಖವಿತ್ತು, ಯಾವುದಕ್ಕೂ ಒಡಲಿರಲಿಲ್ಲ. ಮಣ್ಣಿನ ಗೆರೆ ಗೋಡೆ ಇಳಿದು ಮುಂದಿನ ಕಪಾಟಿಗೆ ಹತ್ತುತ್ತಿತ್ತು. ಮಗಳು ಓದುವ ನರ್ಸಿಂಗ್ ಪುಸ್ತಕಗಳು ಅಲ್ಲೇ, ಒಂದು ಗೇಣಿನ ಆಚೆ.

ಮೇಡಂ ನೆಲಕ್ಕೆ ಕುಸಿದು ಕೂತರು. "ಓದೋರು ಬರ್ಲಿಲ್ಲ ಅಂದ್ರೆ ತಿನ್ನೋರು ಬರ್ತಾರೆ ಅಕ್ಕ. ದಿನಾ ಯಾರದೋ ಕೈ ಇಲ್ಲಿ ಆಡ್ತಿದ್ರೆ ಮೊದಲ ಗೆರೆ ಕಂಡಾಗಲೇ ಔಷಧಿ ಹೊಡೆಸಬಹುದಿತ್ತು. ನಾವು ಹೆದರಿ ಹೊರಗೆ ನಿಂತ್ವಿ. ಅದು ತಿಂತಾನೇ ಹೋಯ್ತು. ನಮ್ಮ ಹೆಜ್ಜೆಗೆ ತಲೆ ಬಡಿದು ಟಕಟಕ ಅಂದಿದ್ದೂ ಅದೇ. ತಿಂದಷ್ಟೂ ಸದ್ದು, ಸದ್ದಾದಷ್ಟೂ ನಾವು ಇನ್ನೂ ದೂರ."

ಟೈಲರಕ್ಕ ಒಂದು ಟೊಳ್ಳು ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ನೇರ ಇಸ್ತ್ರಿ ಚಿಕ್ಕಮ್ಮನ ಮುಂದೆ ನಿಂತಳು. "ತಗೋ ಚಿಕ್ಕಮ್ಮ, ಓದು."

ಚಿಕ್ಕಮ್ಮ ತೆರೆದವಳೇ ಚೀರಿ ಎಸೆದಳು.

"ನೀನು ಹೇಳ್ತಿದ್ದ ದೆವ್ವ ಅದೇ. ಸಾಕಿದ್ದು ಮಾತ್ರ ನಾವು. ನಡಿ, ಪೊರಕೆ ತಗೋ."

ಚಿಕ್ಕಮ್ಮ ಪೊರಕೆ ಹಿಡಿದು ಹೊರಟ ಮೇಲೆ ಬೀದಿ ಸುಮ್ಮನಿದ್ದೀತೇ? ಗಾರೆ ಕೆಲಸದವನು ಗೋಡೆಯ ಬಿರುಕು ಮುಚ್ಚಿ ತೇವ ನಿಲ್ಲಿಸಿದ. ಬಡಗಿ ಕಪಾಟುಗಳನ್ನು ಗೋಡೆಯಿಂದ ಈಚೆಗೆಳೆದು ಕಾಲು ಕೂಡಿಸಿದ. ಗೆದ್ದಲಿನ ಔಷಧಿ ಹೊಡೆಯುವವರನ್ನು ಮೇಡಂ ಕರೆಸಿದರು. ಮಗಳು ಉಳಿದ ಪುಸ್ತಕಗಳನ್ನು ಒಂದೊಂದಾಗಿ ಕೊಡವಿ ಬಿಸಿಲಿಗೆ ಹಿಡಿದಳು.

ಆಫೀಸಿನವರು ಬಂದ ದಿನ ಅತ್ತೆ ಕೂಡ ಕೋಲೂರಿಕೊಂಡು ಬಂದು ಕೂತಿದ್ದರು. ಹಿರಿಯ ಅಧಿಕಾರಿ ಸುತ್ತ ನೋಡಿದರು. ಒಂದು ಕುರ್ಚಿಯೂ ಖಾಲಿ ಇರಲಿಲ್ಲ.

"ನಂಗೆ ಕೂರೋಕೆ ಜಾಗ ಇಲ್ವಲ್ರೀ," ಎಂದರು.

"ಮುಂದಿನ ಸಲ ಬೇಗ ಬನ್ನಿ ಸ್ವಾಮಿ," ಎಂದರು ಅತ್ತೆ.

ಅಧಿಕಾರಿ ನಗುತ್ತ ನಿಂತೇ ಬರೆದುಕೊಂಡು ಹೋದರು. ಬೀಗ ಬೀಳಲಿಲ್ಲ. ಮಗಳ ಜಾಗ ಉಳಿಯಿತು. ಈಗ ಅಮ್ಮನೇ ಅವಳನ್ನು ಕಳಿಸುತ್ತಾಳೆ, ಕೈ ಬಿಡುವಾದಾಗ ತಾನೂ ಹೋಗಿ ಪಕ್ಕದಲ್ಲಿ ಕೂರುತ್ತಾಳೆ.

ಹಿಂದಿನ ಕಪಾಟು ಮಾತ್ರ ಇನ್ನೂ ಖಾಲಿ ಇದೆ. ಅಲ್ಲಿದ್ದ ಪುಸ್ತಕಗಳ ಒಳಗೆ ಏನಿತ್ತು ಎಂದು ಹೇಳಬಲ್ಲವರು ಊರಲ್ಲಿ ಒಬ್ಬರೂ ಇಲ್ಲ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಊರಿನಲ್ಲೂ ಒಂದು ಗ್ರಂಥಾಲಯ ಇರಬಹುದು. ಹೊರಗಿನಿಂದ ನೋಡಿ ಇದೆಯಲ್ಲ ಅಂತ ಸಮಾಧಾನಪಡಬೇಡಿ. ಈ ವಾರವೇ ಒಳಗೆ ಹೋಗಿ. ಸದಸ್ಯರಾಗಿ, ಮನೆಮಂದಿಯನ್ನೂ ಕರೆದುಕೊಂಡು ಹೋಗಿ. ಗೋಡೆಯಲ್ಲಿ ತೇವವೋ ಮಣ್ಣಿನ ಗೆರೆಯೋ ಕಂಡರೆ ಅಂದೇ ಹೇಳಿ, ಕೈಲಾದ ಕೆಲಸಕ್ಕೆ ಕೈ ಜೋಡಿಸಿ. ಕಟ್ಟಕಡೆಯ ಸಾಲಿನಿಂದ, ಯಾರೂ ಮುಟ್ಟದ ಒಂದು ಪುಸ್ತಕ ತೆಗೆದು ಕೈಯಲ್ಲಿ ತೂಗಿ ನೋಡಿ. ಭಾರವಾಗಿದ್ದರೆ ಅಲ್ಲೇ ಕೂತು ಓದಿ.

ಹಗುರವಾಗಿದ್ದರೆ ಊರನ್ನು ಕೂಗಿ ಕರೆಯಿರಿ.