ಗಣಿ ಮುಚ್ಚಿದ ಮೇಲಿನ ಸಂಬಳ

"ವಾರಕ್ಕೆ ಸಾವಿರದ ನಾನೂರು ಡಾಲರ್! ಇದು ಯಾರ ಸಂಬಳ, ಆರ್ವಿಲಣ್ಣ?"

ಶಾಲೆಯ ಗುಮಾಸ್ತೆ ವರ್ಲೀನ್ ಫಾರಂ ಎತ್ತಿ ಹಿಡಿದು ಕೇಳಿದಳು. ಆರ್ವಿಲ್ ಅತ್ತ ನೋಡಲಿಲ್ಲ. ಅವಳ ಕಾರು ಏರು ಹತ್ತಿದಾಗ ಅವನು ನಲ್ಲಿಯ ಕೆಳಗೆ ಬೂಟು ತೊಳೆಯುತ್ತಿದ್ದ. ಒಂದು ತೊಳೆದಾಗಿತ್ತು. ಇನ್ನೊಂದನ್ನು ಹಾಗೇ ಬಿಟ್ಟು ಬರಿಗಾಲಲ್ಲಿ ಓಡಿಬಂದು ಜಗಲಿಯ ಕುರ್ಚಿಯಲ್ಲಿ ಕೂತು, ಬೆಳಗಿನಿಂದ ಅಲ್ಲೇ ಇದ್ದವನಂತೆ ಹುರುಳಿಕಾಯಿಯ ನಾರು ಬಿಡಿಸತೊಡಗಿದ್ದ.

"ನಂದೇ," ಎಂದ.

"ಗಣಿ ಮುಚ್ಚಿ ಎರಡು ವರ್ಷ ಆಯ್ತಲ್ಲಣ್ಣ."

"ಮುಚ್ಚೋ ಮುಂಚೆ ಅಷ್ಟು ಬರ್ತಿತ್ತು. ಸುಳ್ಳೇನು ಬರ್ದಿಲ್ವಲ್ಲ."

ಕೆಂಟಕಿಯ ಆ ಕಣಿವೆಯ ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಊಟ ಪುಕ್ಕಟೆ. ಹಾಗಾಗಿ ಮನೆಯ ವರಮಾನ ಕೇಳುವ ಫಾರಂ ಯಾರಿಗೂ ಬೇಕಿರಲಿಲ್ಲ. ಆದರೆ ರಾಜ್ಯದವರು ಬಡವರ ಮಕ್ಕಳನ್ನು ಎಣಿಸುವುದು ಆ ಫಾರಂ ನೋಡಿಯೇ. ಆ ಎಣಿಕೆ ಶಾಲೆಯ ಮಕ್ಕಳಲ್ಲಿ ಅರ್ಧ ದಾಟಿದರೆ ಶಾಲೆಗೆ ಹೆಚ್ಚಿನ ಹಣ, ಇಲ್ಲದಿದ್ದರೆ ಇಲ್ಲ. ಈ ವರ್ಷ ವರ್ಲೀನ್ ಕಾಡಿ ಬೇಡಿ ಒಂದೂ ಬಿಡದೆ ಫಾರಂ ತರಿಸಿಕೊಂಡಳು. ತೆರೆದು ನೋಡಿದರೆ ಗಂಡಸರೆಲ್ಲ ಮುಚ್ಚಿಹೋದ ಕಲ್ಲಿದ್ದಲು ಗಣಿಯ ಸಂಬಳವನ್ನೇ ಬರೆದಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ! ಕಾಗದದ ಮೇಲೆ ಇಡೀ ಕಣಿವೆ ಸಾಹುಕಾರರದ್ದು. ವರ್ಲೀನ್ ಆಫೀಸಿನಲ್ಲಿ ಒಬ್ಬಳೇ ಕೂತು ಮೊದಲು ನಕ್ಕಳು, ಆಮೇಲೆ ಅವಳಿಗೆ ಅಳು ಬಂತು.

ತಾನೇ ತಿದ್ದುವಂತಿಲ್ಲ, ತಿದ್ದಿದರೆ ಜೈಲು. ವಾರದಿಂದ ಮನೆಮನೆ ಸುತ್ತಿ ಹೊಸ ಫಾರಂ ಬರೆಸುತ್ತಿದ್ದಳು. ಅರ್ಧ ದಾಟಲು ಇನ್ನೂ ನಾಲ್ಕು ಮನೆ ಬೇಕಿತ್ತು. ಒಂದು ಆರ್ವಿಲನದು. ಉಳಿದ ಮೂವರು ಗಣಿಯಲ್ಲಿ ಮೇಸ್ತ್ರಿಯಾಗಿದ್ದ ಅವನ ಕೈಕೆಳಗೆ ದುಡಿದವರು. ಮೂವರದ್ದೂ ಒಂದೇ ರಾಗ: "ಮೇಸ್ತ್ರಿ ಏನ್ ಬರೀತಾನೋ ನಾವೂ ಅದನ್ನೇ ಬರೀತೀವಿ." ಮೇಸ್ತ್ರಿ ನೋಡಿದರೆ ಇಲ್ಲಿ ನಾರು ಬಿಡಿಸುತ್ತಿದ್ದಾನೆ. ಗಡುವು ನಾಳೆಗೆ ಮುಗಿಯುತ್ತಿತ್ತು.

"ಸರ್ಕಾರದೋರು ಮಕ್ಕಳನ್ನ ಎಣಿಸ್ಕೊಳ್ಳಿ," ಎಂದ ಆರ್ವಿಲ್. "ನನ್ನ ಜೇಬಿಗೆ ಯಾಕೆ ಕೈ ಹಾಕ್ತಾರೆ?"

"ಮಕ್ಕಳನ್ನೇ ಕಣಣ್ಣ ಎಣಿಸೋದು. ಬಡವರ ಮನೆ ಮಗು ಆದ್ರೆ ದುಡ್ಡು ಕೊಡೋವಾಗ ಒಂದೂಕಾಲು ಮಗು ಅಂತ ಹಿಡೀತಾರೆ. ಆ ಕಾಲು ಭಾಗದಲ್ಲೇ ಓದು ಕಲಿಸೋ ಹೆನ್ಸ್ಲಿ ಟೀಚರ್ ಸಂಬಳ ಇರೋದು."

"ನನ್ನ ಮೊಮ್ಮಗಳು ಒಂದೇ. ಕಾಲು ಗೀಲು ಏನೂ ಅಂಟಿಸ್ಬೇಡಿ ಅವಳಿಗೆ."

ವರ್ಲೀನ್‌ಗೆ ರೇಗಿತು. "ಹೋದ ವರ್ಷ ಪೈಸ್ಲಿಗೆ ತನ್ನ ಹೆಸರು ಓದಕ್ಕೆ ಬರ್ತಿರ್ಲಿಲ್ಲ. ಪಕ್ಕದಲ್ಲಿ ಕೂರಿಸ್ಕೊಂಡು ಓದು ಕಲಿಸಿದ್ದು ಯಾರು? ನಿನ್ನ ಈ ಸಾವಿರದ ನಾನೂರಾ? ಎಣಿಕೆ ಬಿದ್ರೆ ಜನವರಿಗೆ ಆ ಟೀಚರ್ ಗಂಟುಮೂಟೆ ಕಟ್ತಾರೆ. ಆಮೇಲೆ ನೀನೇ ಕಲಿಸು, ನೋಡೋಣ."

ಆರ್ವಿಲ್‌ನ ಕೈ ನಿಂತಿತು. ಮಗಳು ತೀರಿಕೊಂಡ ಮೇಲೆ ಮೊಮ್ಮಗಳೇ ಅವನ ಪ್ರಪಂಚವೆಂದು ಕಣಿವೆಗೆಲ್ಲ ಗೊತ್ತು.

"ಅವಳಿಗೆ ಗೊತ್ತಿಲ್ಲ ಕಣಮ್ಮ," ಎಂದ ತಗ್ಗಿದ ದನಿಯಲ್ಲಿ. "ದಿನಾ ಬುತ್ತಿ ಡಬ್ಬಿ ಹಿಡ್ಕೊಂಡು ಹೋಗ್ತೀನಲ್ಲ, ತಾತ ಗಣಿಗೆ ಹೋಗ್ತಾನೆ ಅಂದ್ಕೊಂಡಿದಾಳೆ. ಸಮಾಧಿ ಗುಡ್ಡದಲ್ಲಿ ಹುಲ್ಲು ಕತ್ತರಿಸ್ತೀನಿ ಅಂತ ಅವಳಿಗೆ ಹೆಂಗ್ ಹೇಳ್ಲಿ? ಇದನ್ನ ಬರೆದ್ರೆ ನಾಳೆ ಸ್ಕೂಲಲ್ಲೆಲ್ಲ ಗೊತ್ತಾಗುತ್ತೆ."

"ಸ್ಕೂಲಲ್ಲಿ ಫಾರಂ ನಾನಲ್ದೆ ಇನ್ಯಾರೂ ನೋಡಲ್ಲ. ನನ್ನಾಣೆ."

ಅವನು ಉತ್ತರಿಸುವಷ್ಟರಲ್ಲಿ ಕೆಳಗಿನ ತಿರುವಿನಲ್ಲಿ ಹಳದಿ ಬಸ್ಸು ನಿಂತು ಪೈಸ್ಲಿಯನ್ನು ಇಳಿಸಿತು. ಏಳು ವರ್ಷದ ಹುಡುಗಿ, ಮುಂದಿನ ಹಲ್ಲೆರಡೂ ಇಲ್ಲ. ಏದುಸಿರು ಬಿಡುತ್ತ ಬಂದವಳೇ ತಾತನ ಬೋಗುಣಿಗೆ ಕೈಹಾಕಿ ಒಂದು ಹಸಿ ಕಾಯಿ ಕಚ್ಚಿದಳು. ವರ್ಲೀನ್ ಜಗಲಿಯ ಮೇಜಿನ ಮೇಲಿಟ್ಟಿದ್ದ ಖಾಲಿ ಫಾರಂ ಅವಳ ಕಣ್ಣಿಗೆ ಬಿತ್ತು. ಹೊಸದಾಗಿ ಓದು ಬಂದವರ ಹಾವಳಿ ಕೇಳಬೇಕೇ? ಡಬ್ಬಿ, ಬೋರ್ಡು, ಔಷಧಿ ಚೀಟಿ, ಯಾವುದನ್ನೂ ಬಿಡುವುದಿಲ್ಲ.

"ನಾನು ಓದ್ತೀನಿ! ಮನೆಯ... ದೊಡ್ಡವರು... ಈಗ..." ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದಳು. "ಈಗ... ದುಡಿಯುವ... ಹಣ... ಎಷ್ಟು?" ಹೆಮ್ಮೆಯಿಂದ ತಲೆಯೆತ್ತಿದಳು. "ತಾತ, ಹುಲ್ಲಿಗೆ ಎಷ್ಟು ಕೊಡ್ತಾರೆ?"

ಆರ್ವಿಲ್ ಬರಿಗಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡ. "ಯಾವ ಹುಲ್ಲು?"

"ಗುಡ್ಡದ್ದು. ಮೊದ್ಲು ನಿನ್ನ ಬೂಟು ಕಪ್ಪಗಿರ್ತಿತ್ತು, ಈಗ ಹಸಿರು. ದಿನಾ ನಲ್ಲಿ ಹತ್ರ ಹುಲ್ಲು ಬಿದ್ದಿರುತ್ತೆ."

"ಯಾವಾಗಿಂದ ಗೊತ್ತು ನಿಂಗೆ?"

"ಒಂದನೇ ಕ್ಲಾಸಿಂದ." ಅವಳು ಕಾಯಿ ಅಗಿಯುತ್ತಲೇ ಇದ್ದಳು. "ಅಮ್ಮನ ಹತ್ರಾನೂ ಕತ್ತರಿಸ್ತೀಯಲ್ವಾ? ಒಳ್ಳೇದು ಬಿಡು."

ವರ್ಲೀನ್ ಬೇರೆಲ್ಲೋ ನೋಡತೊಡಗಿದಳು. ಎದುರು ಬೆಟ್ಟದ ಮೇಲೆ ನೋಡುವಂಥದ್ದೇನೂ ಇರಲಿಲ್ಲ. ಆರ್ವಿಲ್ ಬೋಗುಣಿಯನ್ನು ಕೆಳಗಿಟ್ಟ.

"ತಿಂಗಳಿಗೆ ಐನೂರ ಅರವತ್ತು," ಎಂದ. "ಬರ್ಕೋ."

ಪೈಸ್ಲಿ ಪೆನ್ನಿಗೆ ಕೈ ಚಾಚಿದಳು. "ನೀನು ಓದಿದ್ದು ಸಾಕು, ಬರೆಯೋದು ತಾತಾನೇ ಬರೀಬೇಕು," ಎಂದು ವರ್ಲೀನ್ ಪೆನ್ನನ್ನು ಅವನಿಗೆ ಕೊಟ್ಟಳು. ಅವನು ನಿಧಾನವಾಗಿ ಬರೆದು ರುಜು ಹಾಕಿದ. ಫಾರಂ ವಾಪಸು ಕೊಟ್ಟ ಮೇಲೂ ಕೈ ಚಾಚಿಯೇ ಇತ್ತು.

"ಇನ್ನು ಮೂರು ಖಾಲಿ ಕೊಡು."

"ಯಾಕಣ್ಣ?"

"ಆ ಮೂರು ಕತ್ತೆಗಳು ನೀನು ಹೇಳಿದ್ರೆ ಕೇಳಲ್ಲ."

ಫಾರಂಗಳನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು ಆರ್ವಿಲ್ ನಲ್ಲಿಯ ಬಳಿ ಹೋದ. ಬೂಟುಗಳನ್ನು ಮೆಟ್ಟಿಕೊಂಡು, ಬುತ್ತಿ ಡಬ್ಬಿಯಿಲ್ಲದೆ ಇಳಿಜಾರಿನಲ್ಲಿ ಹೊರಟ. ಒಂದು ಬೂಟು ತೊಳೆದದ್ದು, ಇನ್ನೊಂದು ಹಸಿರು.